ಮಿಯಾಝಾಕಿಯ ಮುತ್ತಜ್ಜಿ ಮಲಗೋವಾ

ಬಿತ್ತಿದಂತೆ ಬೆಳೆ ಎಂಬುದು ನಮ್ಮ ಹಳೆಯ ಗಾದೆ. ರಾಗಿ, ಜೋಳಗಳಿಗೆ ಒಪ್ಪುವ ಈ ಮಾತು ಮಾವಿನ ಮರದ ಬುಡಕ್ಕೆ ಬಂದಾಗ ಸೋಲುತ್ತದೆ. ರುಚಿಯಾದ ಬಾದಾಮಿ ಹಣ್ಣು ತಿಂದು ಅದರ ವಾಟೆಯನ್ನು ಹಿತ್ತಿಲಲ್ಲಿ ಊರಿ, ವರ್ಷಗಟ್ಟಲೆ ಕಾದರೂ ಬಾದಾಮಿಯೇ ಸಿಕ್ಕೀತೆಂಬ ಭರವಸೆ ಇಲ್ಲ. ಹುಳಿ ಹಣ್ಣು ಬರಬಹುದು, ಬರೀ ನಾರಿನ ಹಣ್ಣು ಬರಬಹುದು. ಎಲ್ಲೋ ಅಪರೂಪಕ್ಕೊಮ್ಮೆ ತಾಯಿಯನ್ನೂ ಮೀರಿಸಿದ ಹಣ್ಣು ಬರಬಹುದು.

ಈ ಅಪರೂಪದ ಸಾಧ್ಯತೆಯನ್ನು ನಂಬಿ ವಾಟೆ ಊರಿ ಕಾದವರೆಲ್ಲ ವಿಜ್ಞಾನಿಗಳಲ್ಲ, ದೊಡ್ಡ ತೋಟಗಳ ಒಡೆಯರೂ ಅಲ್ಲ. ನಿವೃತ್ತ ಮೇಷ್ಟರು, ಸೇನೆಯಿಂದ ಮರಳಿದ ಕಪ್ತಾನ, ಮನೆವಾರ್ತೆ ನೋಡಿಕೊಳ್ಳುವ ಗೃಹಿಣಿ - ಹೀಗೆ ಹವ್ಯಾಸಕ್ಕೆಂದು ಗಿಡ ಬೆಳೆಸಿದವರೂ ಇದ್ದಾರೆ. ಇಂದು ಅಮೆರಿಕ, ಯುರೋಪುಗಳ ಅಂಗಡಿಗಳಲ್ಲಿ ಕಾಣುವ ಕೆಂಪು ಕೆನ್ನೆಯ ಮಾವಿನ ಹಣ್ಣುಗಳ ಮೂಲ ಹುಡುಕುತ್ತ ಹೊರಟರೆ ನಾವು ತಲುಪುವುದು ಇಂಥ ಕೆಲವರ ಹಿತ್ತಿಲುಗಳನ್ನು. ಅಲ್ಲಿಂದಲೂ ಹಿಂದಕ್ಕೆ ಹೋದರೆ ಸಿಗುವುದು ನಮ್ಮ ನೆಲದ ಮಲಗೋವಾ.

ವಾಟೆಯ ಗುಟ್ಟು

ಭಾರತದ ಬಹುತೇಕ ಮಾವಿನ ತಳಿಗಳ ವಾಟೆಯೊಳಗೆ ಇರುವುದು ಒಂದೇ ಭ್ರೂಣ. ಅದು ಹುಟ್ಟುವುದು ಪರಾಗಸ್ಪರ್ಶದಿಂದ. ತಾಯಿ ಯಾವುದೆಂದು ಗೊತ್ತು. ತಂದೆ ಪಕ್ಕದ ಬೇಲಿಯಾಚೆಯ ಯಾವ ಮರವೂ ಆಗಿರಬಹುದು. ಆದ್ದರಿಂದ ಪ್ರತಿ ವಾಟೆಯೂ ಒಂದು ಹೊಸ ಜೀವ, ಹೊಸ ಸ್ವಭಾವ. ಆಗ್ನೇಯ ಏಷ್ಯಾದ ಅನೇಕ ತಳಿಗಳದ್ದು ಮತ್ತು ನಮ್ಮ ಪಶ್ಚಿಮ ಕರಾವಳಿಯ ಕೆಲವು ತಳಿಗಳದ್ದು ಬೇರೆ ರೀತಿ. ಅವುಗಳ ಒಂದೇ ವಾಟೆಯಿಂದ ಹಲವು ಮೊಳಕೆಗಳು ಬರುತ್ತವೆ. ಹೆಚ್ಚಿನವು ತಾಯಿಯ ತದ್ರೂಪುಗಳು.

ಒಳ್ಳೆಯ ಹಣ್ಣಿನ ಮರವೊಂದು ಸಿಕ್ಕಿದರೆ ಅದನ್ನು ಹಾಗೆಯೇ ಉಳಿಸಿಕೊಳ್ಳುವ ದಾರಿ ಕಸಿ. ಆ ಮರದ ಬಲಿತ ಕಡ್ಡಿಯೊಂದನ್ನು ಆರಿಸಿ, ಅದರ ಎಲೆಗಳನ್ನು ಒಂದು ವಾರ ಮೊದಲೇ ಸವರಿ, ಮೊಗ್ಗು ಉಬ್ಬಿದ ಮೇಲೆ ಕತ್ತರಿಸಿ, ಬೇರೊಂದು ವಾಟೆಸಸಿಯ ಕಾಂಡಕ್ಕೆ ಕೂಡಿಸಿ ಕಟ್ಟುತ್ತಾರೆ. ಹೀಗೆ ಬೆಳೆದ ಗಿಡ ಮೂಲ ಮರದ ಮಗುವಲ್ಲ. ಮೂಲ ಮರವೇ ಇನ್ನೊಂದು ಬೇರಿನ ಮೇಲೆ ಮುಂದುವರಿದಂತೆ. ಗೋವೆಯಲ್ಲಿ ಪೋರ್ಚುಗೀಸರ ಕಾಲದಲ್ಲಿ ಮಾವಿನ ಕಸಿ ಚೆನ್ನಾಗಿ ಬೆಳೆದುದರ ಫಲವೇ ಆಪೂಸು. ಅದೇ ನಮ್ಮಲ್ಲಿ ಬಾದಾಮಿ ಎನಿಸಿಕೊಂಡಿದೆ.

ಹೊಸ ರುಚಿ ಹುಟ್ಟುವುದಕ್ಕೆ ವಾಟೆ ಬೇಕು, ಹುಟ್ಟಿದ ರುಚಿ ಉಳಿಯುವುದಕ್ಕೆ ಕಡ್ಡಿ ಬೇಕು. ಮಾವಿನ ಚರಿತ್ರೆಯೆಲ್ಲ ಈ ಎರಡರ ನಡುವೆ ನಡೆದದ್ದು.

ಗಾಜಿನ ಪೆಟ್ಟಿಗೆಯಲ್ಲಿ ಸಮುದ್ರಯಾನ

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಅಮೆರಿಕದ ಫ್ಲೋರಿಡಾ ಪ್ರಾಂತ್ಯದ ಜನಕ್ಕೆ ಗೊತ್ತಿದ್ದ ಮಾವು ಹೆಚ್ಚಾಗಿ ವೆಸ್ಟ್ ಇಂಡೀಸ್ ದ್ವೀಪಗಳಿಂದ ಬಂದದ್ದು. ನಾರು ತುಂಬಿದ, ಟರ್ಪೆಂಟೈನ್ ಎಣ್ಣೆಯ ವಾಸನೆ ಹೊಡೆಯುವ ಒಂದು ಬಗೆಗೆ ಅವರು ಇಟ್ಟ ಹೆಸರೂ ‘ಟರ್ಪೆಂಟೈನ್’ ಎಂದೇ.

1889ರಲ್ಲಿ ಅಮೆರಿಕದ ಕೃಷಿ ಇಲಾಖೆ ಭಾರತದಿಂದ ಕೆಲವು ಕಸಿ ಗಿಡಗಳನ್ನು ತರಿಸಿತು. ಉಪ್ಪುಗಾಳಿ ತಾಗದಂತೆ ಅವನ್ನು ಗಾಜು ಹೊದಿಸಿದ ಪೆಟ್ಟಿಗೆಯಲ್ಲಿಟ್ಟು ಹಡಗಿಗೇರಿಸಲಾಗಿತ್ತು. ಫ್ಲೋರಿಡಾದ ಲೇಕ್ ವರ್ತ್ ದಡದ ಕೆಲವು ಬೆಳೆಗಾರರಿಗೆ ಅವನ್ನು ಹಂಚಿದರು. ಅವರಲ್ಲೊಬ್ಬರು ಎಲ್ಬ್ರಿಡ್ಜ್ ಗೇಲ್. ಕಾನ್ಸಾಸ್‌ನ ಕೃಷಿ ಕಾಲೇಜಿನಲ್ಲಿ ತೋಟಗಾರಿಕೆಯ ಪಾಠ ಹೇಳಿ ನಿವೃತ್ತರಾಗಿ ಬಂದವರು. 1894-95ರ ಚಳಿಗಾಲದಲ್ಲಿ ಬಿದ್ದ ಭೀಕರ ಹಿಮಕ್ಕೆ ಫ್ಲೋರಿಡಾದ ತೋಟಗಳೇ ಸುಟ್ಟುಹೋದವು. ಭಾರತದಿಂದ ಬಂದ ಆ ಗಿಡಗಳ ಪೈಕಿ ಕೊನೆಗೆ ಉಳಿದದ್ದು ಗೇಲ್ ಅವರ ಬಳಿಯಿದ್ದ ಒಂದೇ ಒಂದು ಮಲಗೋವಾ. ಅಮೆರಿಕನ್ನರ ಬಾಯಲ್ಲಿ ಅದು ‘ಮುಲ್ಗೋಬಾ’ ಆಯಿತು.

1898ರಲ್ಲಿ ಆ ಮರ ಹಣ್ಣು ಕೊಟ್ಟಾಗ ಸುತ್ತಲಿನವರು ಬೆರಗಾದರು. ನಾರಿಲ್ಲದ, ಚಮಚದಲ್ಲಿ ತೆಗೆದು ತಿನ್ನಬಹುದಾದ ಮಾವನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲ.

ಒಂದೇ ಹೆಸರಿನಡಿ ಊರೂರಿಗೆ ಬೇರೆ ಬೇರೆ ಬಗೆಗಳಿರುವುದು ಮಾವಿನ ಲೋಕದಲ್ಲಿ ಮಾಮೂಲು. ಹಾಗಾಗಿ ಅಂದು ಹೋದ ಗಿಡ ಇಂದು ನಮ್ಮ ಸಂತೆಯಲ್ಲಿ ಸಿಗುವ ಮಲಗೋವಾದ ಪಡಿಯಚ್ಚು ಎಂದು ಹಟ ಹಿಡಿಯಬೇಕಿಲ್ಲ. ಹೆಸರೂ ಕುಲವೂ ಇಲ್ಲಿಯವೇ ಎಂಬುದರಲ್ಲಿ ಅನುಮಾನವಿಲ್ಲ.

ಕಪ್ತಾನ ಊರಿದ ವಾಟೆ

ಗೇಲ್ ಅವರ ಮರದ ಹಣ್ಣು ತರಿಸಿಕೊಂಡವರಲ್ಲಿ ಜಾನ್ ಹೇಡನ್ ಎಂಬ ನಿವೃತ್ತ ಸೇನಾ ಕಪ್ತಾನನೂ ಒಬ್ಬ. ಮಯಾಮಿ ಬಳಿಯ ಕೋಕೊನಟ್ ಗ್ರೋವ್‌ನಲ್ಲಿ ಅವನ ಮನೆ. 1902ರಲ್ಲಿ ಮಲಗೋವಾದ ವಾಟೆಗಳನ್ನು ಅವನು ತನ್ನ ಜಮೀನಿನಲ್ಲಿ ಊರಿದ. ಹಣ್ಣು ಕಾಣುವ ಭಾಗ್ಯ ಅವನಿಗಿರಲಿಲ್ಲ. ಸ್ವಲ್ಪ ಕಾಲದಲ್ಲೇ ತೀರಿಕೊಂಡ. ಸಸಿಗಳನ್ನು ಜೋಪಾನ ಮಾಡಿದವಳು ಅವನ ಹೆಂಡತಿ ಫ್ಲಾರೆನ್ಸ್. 1910ರಲ್ಲಿ ಅವುಗಳಲ್ಲೊಂದು ಮರ ಹಳದಿ ಮೈಗೆ ಕಡುಗೆಂಪು ಬಳಿದಂತಿದ್ದ ದೊಡ್ಡ ಹಣ್ಣುಗಳನ್ನು ಬಿಟ್ಟಿತು. ಗಂಡನ ನೆನಪಿಗೆ ಅದು ‘ಹೇಡನ್’ ಎನಿಸಿಕೊಂಡಿತು.

ಹಣ್ಣಿಗೆ ಆ ಬಣ್ಣ, ಮರಕ್ಕೆ ಆ ಕಸುವು ಎಲ್ಲಿಂದ ಬಂತು? ಉತ್ತರ ಸಿಕ್ಕಿದ್ದು ಸುಮಾರು ನೂರು ವರ್ಷದ ಮೇಲೆ. ಫ್ಲೋರಿಡಾದ ತಳಿಗಳ ಡಿಎನ್ಎ ಪರೀಕ್ಷೆಯ ಫಲಿತಾಂಶವನ್ನು ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು. ಅದರ ಪ್ರಕಾರ ಹೇಡನ್‌ನ ತಾಯಿ ಮಲಗೋವಾ. ತಂದೆ, ಎಲ್ಲರೂ ಮೂಗು ಮುರಿಯುತ್ತಿದ್ದ ಅದೇ ಟರ್ಪೆಂಟೈನ್. ಫ್ಲೋರಿಡಾದ ಬಹುಪಾಲು ತಳಿಗಳು ಭಾರತದಿಂದ ಹೋದ ಬರೀ ನಾಲ್ಕು ಮಾವುಗಳಿಂದ ಮತ್ತು ಈ ಟರ್ಪೆಂಟೈನ್‌ನಿಂದ ಇಳಿದು ಬಂದವು ಎಂಬುದೂ ಆಗ ಖಚಿತವಾಯಿತು.

ತಿರಸ್ಕೃತ ಹಣ್ಣಿನ ದಿಗ್ವಿಜಯ

ಹೇಡನ್ ಬಂದದ್ದೇ ತಡ, ಫ್ಲೋರಿಡಾದ ಹವ್ಯಾಸಿಗಳಿಗೆ ವಾಟೆ ಊರುವ ಹುಚ್ಚು ಹಿಡಿಯಿತು. ಹೇಡನ್‌ನ ವಾಟೆಯಿಂದ ಲಿಪ್ಪೆನ್ಸ್, ಝಿಲ್ ಬಂದವು. ಕೆಂಟ್ ಎಂಬವರ ಜಮೀನಿನಲ್ಲಿ ‘ಕೆಂಟ್’ ಹುಟ್ಟಿತು. ಹೋಮ್‌ಸ್ಟೆಡ್ ಊರಿನ ಶ್ರೀಮತಿ ಕೀಟ್ ಅವರ ಹಿತ್ತಿಲಿನಿಂದ ‘ಕೀಟ್’ ಬಂತು. ಒಳ್ಳೆಯ ಮರಗಳನ್ನು ಗುರುತಿಸಿ ಹೆಸರಿಡಲು 1938ರಲ್ಲಿ ‘ಫ್ಲೋರಿಡಾ ಮ್ಯಾಂಗೊ ಫೋರಂ’ ಎಂಬ ಕೂಟವೇ ಹುಟ್ಟಿಕೊಂಡಿತು. ಬೆಳೆಗಾರರು ಹಣ್ಣು ತಂದು ಮುಂದಿಡುತ್ತಿದ್ದರು. ಬಲ್ಲವರು ಕೊಯ್ದು, ತಿಂದು ತೀರ್ಪು ಹೇಳುತ್ತಿದ್ದರು.

1950ರ ದಶಕದಲ್ಲಿ ಅಟ್ಕಿನ್ಸ್ ಎಂಬವರು ತಮ್ಮ ಹಣ್ಣನ್ನು ಮತ್ತೆ ಮತ್ತೆ ಈ ಕೂಟದ ಮುಂದೆ ತಂದರು. ಅದೂ ಹೇಡನ್‌ನ ಸಂತಾನವೇ. ನಾರು ಹೆಚ್ಚು, ರುಚಿ ಸಾಧಾರಣ ಎಂದು ಕೂಟ ಅದನ್ನು ತಳ್ಳಿಹಾಕಿತು. ವ್ಯಾಪಾರಿಗಳ ಲೆಕ್ಕವೇ ಬೇರೆ ಇತ್ತು. ಹಣ್ಣಿನ ಬಣ್ಣ ಕಣ್ಸೆಳೆಯುವಂಥದು, ಸಿಪ್ಪೆ ದಪ್ಪ, ಎತ್ತಿ ಹಾಕಿದರೂ ಜಜ್ಜದು, ಅಂಗಡಿಯಲ್ಲಿ ವಾರಗಟ್ಟಲೆ ಕೆಡದೆ ಕೂರುವುದು. ‘ಟಾಮಿ ಅಟ್ಕಿನ್ಸ್’ ಎಂಬ ಆ ಹಣ್ಣು ಮುಂದೆ ಮೆಕ್ಸಿಕೊ, ಬ್ರೆಜಿಲ್‌ಗಳ ತೋಟಗಳನ್ನು ಆವರಿಸಿ ಅಂತರರಾಷ್ಟ್ರೀಯ ವ್ಯಾಪಾರದ ಪ್ರಮುಖ ಮಾವಾಯಿತು.

ನಾಲಿಗೆಯ ತೀರ್ಪು ಒಂದು, ಮಾರುಕಟ್ಟೆಯ ತೀರ್ಪು ಇನ್ನೊಂದು. ಲಾರಿಯ ಪ್ರಯಾಣ ತಾಳದ, ಮೂರು ದಿನಕ್ಕೆ ಮೆತ್ತಗಾಗುವ ಹಣ್ಣುಗಳನ್ನು ಮಾರುಕಟ್ಟೆ ಸಾಕುವುದಿಲ್ಲ. ಸಾಕುವವರು ಹವ್ಯಾಸಿಗಳು.

ಕಡ್ಡಿ ಹಂಚುವವರು

ಇಂಥ ಹವ್ಯಾಸಿಗಳು 1955ರಲ್ಲಿ ಮಯಾಮಿಯಲ್ಲಿ ‘ರೇರ್ ಫ್ರೂಟ್ ಕೌನ್ಸಿಲ್’ ಎಂಬ ಸಂಘ ಕಟ್ಟಿದರು. ಅದರ ಹಿಂದಿದ್ದ ವಿಲಿಯಂ ವಿಟ್‌ಮನ್, ಉಷ್ಣವಲಯದ ನಾಡುಗಳನ್ನು ಸುತ್ತಿ ಅಪರೂಪದ ಹಣ್ಣಿನ ಗಿಡಗಳನ್ನು ತಂದು ಬೆಳೆಸಿದವರು. 1968ರಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಇಂಥದ್ದೊಂದು ಸಂಘ ಶುರುವಾಯಿತು. ಚಳಿಗಾಲದಲ್ಲಿ ಅದರ ಸದಸ್ಯರು ಒಂದೆಡೆ ಸೇರುತ್ತಾರೆ. ತಮ್ಮ ಮರಗಳ ಕಡ್ಡಿಗಳನ್ನು ಕಟ್ಟು ಕಟ್ಟಿ, ಹೆಸರು ಬರೆದ ಚೀಟಿ ಅಂಟಿಸಿ ಮೇಜಿನ ಮೇಲಿಡುತ್ತಾರೆ. ಬೇಕಾದವರು ಬೇಕಾದ್ದನ್ನು ಒಯ್ಯುತ್ತಾರೆ.

ಈ ಕೊಡುಕೊಳ್ಳುವಿಕೆಯ ಬೆಲೆ ತಿಳಿಯುವುದು ಆಪತ್ತು ಬಂದಾಗ. 1992ರ ಆಗಸ್ಟ್‌ನಲ್ಲಿ ಆಂಡ್ರೂ ಚಂಡಮಾರುತ ಹೋಮ್‌ಸ್ಟೆಡ್ ಸುತ್ತಲಿನ ತೋಟಗಳನ್ನು ನೆಲಸಮ ಮಾಡಿತು. ಫ್ಲೋರಿಡಾದ ಮಾವಿನ ವ್ಯಾಪಾರ ಅಲ್ಲಿಂದ ಮೊದಲಿನಂತೆ ಮೇಲೇಳಲಿಲ್ಲ. ತಳಿಗಳು ಮಾತ್ರ ಅಳಿಯಲಿಲ್ಲ. ಒಂದು ಮರದ ಕಡ್ಡಿ ಹತ್ತು ಹಿತ್ತಿಲುಗಳಲ್ಲಿದ್ದರೆ ಒಂದು ಬಿರುಗಾಳಿಗೆ ಅದರ ವಂಶ ಮುಗಿಯುವುದಿಲ್ಲ. ಇಂದಿನ ಫ್ಲೋರಿಡಾದ ಹಿತ್ತಿಲುಗಳಲ್ಲಿ ನೀಲಂ ಮತ್ತು ದಶೇರಿಗಳನ್ನು ಕೂಡಿಸಿ ದೆಹಲಿಯ ವಿಜ್ಞಾನಿಗಳು ರೂಪಿಸಿದ ನಮ್ಮ ಮಲ್ಲಿಕಾಕ್ಕೂ ಅಚ್ಚುಮೆಚ್ಚಿನ ಜಾಗವಿದೆ.

ಹಂಚಿಕೆಗೆ ಅಪಾಯದ ಮುಖವೂ ಉಂಟು. ಕಡ್ಡಿ, ಮಣ್ಣು, ಹಣ್ಣುಗಳ ಜೊತೆ ಹುಳುವೂ ರೋಗವೂ ಪಯಣಿಸುತ್ತವೆ. ನಮ್ಮ ಹಣ್ಣಿನ ವಾಟೆಯಲ್ಲಿ ಅಡಗುವ ಮೂತಿಹುಳು ಮತ್ತು ಹಣ್ಣುನೊಣದ ಭಯದಿಂದ ಅಮೆರಿಕ ಬಹುಕಾಲ ಭಾರತದ ಮಾವಿಗೆ ಬಾಗಿಲು ಮುಚ್ಚಿತ್ತು. ವಿಕಿರಣ ಹಾಯಿಸಿದ ಹಣ್ಣುಗಳ ಮೊದಲ ಕಂತು ಅಲ್ಲಿಗೆ ಹೋದದ್ದು 2007ರಲ್ಲಿ. 1889ರಲ್ಲಿ ಗಿಡವನ್ನೇ ಬರಮಾಡಿಕೊಂಡ ದೇಶಕ್ಕೆ ಅದರ ಬಂಧುಗಳ ಹಣ್ಣು ಕಾಲಿಡಲು ಇಷ್ಟು ಕಾಲ ಬೇಕಾಯಿತು. ಭಾರತದಲ್ಲೂ 2003ರ ಸಸ್ಯ ಸಂಗರೋಧ ಆದೇಶದಂತೆ ಪರವಾನಗಿ ಮತ್ತು ಆರೋಗ್ಯ ಪ್ರಮಾಣಪತ್ರ ಇಲ್ಲದೆ ವಿದೇಶದಿಂದ ಸಸಿ, ಕಡ್ಡಿ ತರುವಂತಿಲ್ಲ. ಪರದೇಶದಿಂದ ಮರಳುವಾಗ ಪೆಟ್ಟಿಗೆಯಲ್ಲಿ ಕಡ್ಡಿ ಬಚ್ಚಿಟ್ಟು ತರುವ ಆಸೆ ಒಂದು ಊರಿನ ತೋಟಗಳಿಗೇ ಮುಳುವಾಗಬಹುದು.

ಲಕ್ಷ ರೂಪಾಯಿಯ ಹಣ್ಣು

ಈಗ ಕೆಲವು ವರ್ಷಗಳಿಂದ ನಮ್ಮಲ್ಲಿ ಸುದ್ದಿ ಮಾಡುತ್ತಿರುವ ಮಿಯಾಝಾಕಿ ಮಾವಿನ ವಿಷಯಕ್ಕೆ ಬರೋಣ. 2021ರಲ್ಲಿ ಮಧ್ಯಪ್ರದೇಶದ ಜಬಲ್‌ಪುರದ ತೋಟವೊಂದರಲ್ಲಿ ಈ ಮರಗಳಿಗೆ ಕಾವಲುಗಾರರನ್ನೂ ನಾಯಿಗಳನ್ನೂ ಇಟ್ಟದ್ದು ದೇಶವಿಡೀ ಸುದ್ದಿಯಾಯಿತು. 2023ರಲ್ಲಿ ಕೊಪ್ಪಳದ ಮಾವು ಮೇಳದಲ್ಲಿ ಪ್ರದರ್ಶನಕ್ಕಿಟ್ಟ ಈ ಹಣ್ಣನ್ನು ನೋಡಲು ಜನ ಮುಗಿಬಿದ್ದರು. ಕಿಲೋಗೆ ಲಕ್ಷಗಟ್ಟಲೆ ಬೆಲೆ ಎಂಬ ಮಾತು ಹಬ್ಬಿದ ಮೇಲೆ ಆ ಹೆಸರಿನ ಸಸಿಗಳಿಗೂ ಬೇಡಿಕೆ ಏರಿತು.

ವಾಸ್ತವದಲ್ಲಿ ಮಿಯಾಝಾಕಿ ಎಂಬುದು ತಳಿಯ ಹೆಸರಲ್ಲ, ಜಪಾನಿನ ಒಂದು ಪ್ರಾಂತ್ಯದ ಹೆಸರು. ಅಲ್ಲಿ 1980ರ ದಶಕದಿಂದ ಬಿಸಿ ಮನೆಗಳಲ್ಲಿ ಬೆಳೆಯುತ್ತಿರುವ ತಳಿ ‘ಇರ್ವಿನ್’. ಪ್ರತಿ ಹಣ್ಣಿಗೂ ಬಲೆ ಕಟ್ಟಿ, ಅದು ಮರದಲ್ಲೇ ಮಾಗಿ ತಾನಾಗಿ ಬಲೆಗೆ ಬೀಳುವವರೆಗೆ ಕಾಯುತ್ತಾರೆ. ಕನಿಷ್ಠ 350 ಗ್ರಾಂ ತೂಕ, ನಿಗದಿಯಾದ ಸಿಹಿ ಮತ್ತು ಬಣ್ಣ ಇರುವ ಹಣ್ಣಿಗೆ ಮಾತ್ರ ‘ಸೂರ್ಯನ ಮೊಟ್ಟೆ’ ಎಂಬ ಅರ್ಥದ ಮುದ್ರೆ ಸಿಗುತ್ತದೆ. ಋತುವಿನ ಮೊದಲ ಹರಾಜಿನಲ್ಲಿ ಗೌರವಕ್ಕೆಂದು ಕೂಗುವ ಬೆಲೆಯೇ ನಮ್ಮಲ್ಲಿ ಎಲ್ಲ ಹಣ್ಣಿನ ಬೆಲೆ ಎಂಬಂತೆ ಹಬ್ಬಿದೆ. ಅಲ್ಲಿ ಹಣ ಸಿಗುವುದು ಆರೈಕೆಗೆ, ಆಯ್ಕೆಗೆ; ಸಸಿಯೊಂದನ್ನು ನೆಟ್ಟ ಮಾತ್ರಕ್ಕೆ ಅದು ಒಲಿಯುವುದಿಲ್ಲ.

ಇರ್ವಿನ್ ಹುಟ್ಟಿದ್ದು ಜಪಾನಿನಲ್ಲೂ ಅಲ್ಲ, ಮಯಾಮಿಯ ಹಿತ್ತಿಲಲ್ಲಿ. ತಾಯಿ ಲಿಪ್ಪೆನ್ಸ್, ಅಜ್ಜಿ ಹೇಡನ್, ಮುತ್ತಜ್ಜಿ ಮಲಗೋವಾ. ದುಬಾರಿ ವಿದೇಶಿ ಎಂದು ನಾವು ಬೆರಗಿನಿಂದ ನೋಡುತ್ತಿರುವುದು ತವರಿಗೆ ಮರಳಿ ಬಂದ ಮರಿಮಗಳನ್ನು.

ನಮ್ಮ ಹಿತ್ತಿಲಲ್ಲಿ

ಹಿತ್ತಿಲ ಗಿಡ ಮದ್ದಲ್ಲ ಎಂಬ ಗಾದೆಯೂ ನಮ್ಮದೇ. ಅದನ್ನು ಸುಳ್ಳು ಮಾಡಿದವರೂ ನಮ್ಮಲ್ಲಿದ್ದಾರೆ. ಸಾಗರ, ಹೊಸನಗರ, ಸಿರಸಿ ಕಡೆಯ ಅಪ್ಪೆಮಿಡಿಯನ್ನೇ ನೋಡಿ. ಹೊಳೆದಂಡೆಯ ಕಾಡುಮರಗಳ ಮಿಡಿ ಅದು. ಒಂದು ಮರದ್ದು ಜೀರಿಗೆಯ ಪರಿಮಳವಾದರೆ ಇನ್ನೊಂದರದ್ದು ಕರ್ಪೂರದ್ದು. ಮಿಡಿಗಾಗಿ ಕೊಂಬೆಗಳನ್ನೇ ಕಡಿದು ಮರಗಳು ಕಡಿಮೆಯಾದಾಗ, ಉಪ್ಪಿನಕಾಯಿಯ ರುಚಿ ಬಲ್ಲ ಮಲೆನಾಡಿನ ಮನೆಗಳವರು ಕಡ್ಡಿ ತಂದು ಕಸಿ ಕಟ್ಟಿ ಅಂಗಳದಲ್ಲಿ ಉಳಿಸಿಕೊಂಡರು, ನೆಂಟರಿಷ್ಟರಿಗೂ ಕೊಟ್ಟರು. ಅಪ್ಪೆಮಿಡಿಗೆ ಇಂದು ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ.

ತುಮಕೂರು ಜಿಲ್ಲೆಯ ಚೇಳೂರಿನ ಹಲಸಿನ ಮರವೊಂದರ ಕಥೆ ಇನ್ನೂ ಹೊಸದು. ತಾಮ್ರಗೆಂಪು ತೊಳೆಯ, ಚಿಕ್ಕ ಗಾತ್ರದ ಅದರ ಹಣ್ಣನ್ನು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಗುರುತಿಸಿತು. ‘ಸಿದ್ದು ಹಲಸು’ ಎಂಬ ಹೆಸರಿನಲ್ಲಿ ಸಸಿ ಮಾಡಿ ಮಾರಿ, ಆದಾಯದ ಬಹುಪಾಲನ್ನು ಮರದ ಒಡೆಯರಿಗೇ ಕೊಡುವ ಒಪ್ಪಂದ 2017ರಲ್ಲಿ ಆಯಿತು. ಹಿತ್ತಿಲ ಮರಕ್ಕೂ ಅದನ್ನು ಕಾಪಾಡಿದ ಮನೆಗೂ ಸಲ್ಲಬೇಕಾದ ಮರ್ಯಾದೆ ಹೀಗೂ ಸಲ್ಲಬಹುದೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಎಲ್ಲ ಮರಗಳಿಗೂ ಇಂಥ ಅದೃಷ್ಟವಿಲ್ಲ. ರಸ್ತೆ ಅಗಲವಾಗುವಾಗ, ಹಳೆಯ ಮನೆ ಕೆಡವಿ ಸೈಟು ಮಾಡುವಾಗ ಉರುಳುವ ವಾಟೆಮರಗಳಿಗೆ ಹೆಸರೇ ಇರುವುದಿಲ್ಲ. ‘ಅಜ್ಜಿ ನೆಟ್ಟ ಮರ’, ‘ಬಾವಿಕಟ್ಟೆ ಮರ’ ಎಂದು ಮನೆಯವರು ಕರೆಯುತ್ತಿದ್ದ ಆ ಮರಗಳಲ್ಲಿ ಒಂದೊಂದೂ ಜಗತ್ತಿನಲ್ಲಿ ಒಂದೇ ಒಂದು. ಉರುಳಿದ ಮೇಲೆ ಮತ್ತೆ ಯಾವ ವಾಟೆಯಿಂದಲೂ ಅದು ಹುಟ್ಟದು. ಗೇಲ್ ಅವರ ಒಂಟಿ ಮರ ಅಂದಿನ ಹಿಮಕ್ಕೆ ಸುಟ್ಟುಹೋಗಿದ್ದರೆ ಹೇಡನ್ ಇರುತ್ತಿರಲಿಲ್ಲ, ಇರ್ವಿನ್ ಇರುತ್ತಿರಲಿಲ್ಲ, ಮಿಯಾಝಾಕಿಯ ಗದ್ದಲವೂ ಇರುತ್ತಿರಲಿಲ್ಲ.

ದುಬಾರಿ ಸಸಿ ಕೊಳ್ಳುವವರು ಕೊಳ್ಳಲಿ. ಅದಕ್ಕೂ ಮುನ್ನ ನಮ್ಮ ಬೀದಿಯ ಹಳೆಯ ಮರದ ಹಣ್ಣನ್ನೊಮ್ಮೆ ತಿಂದು ನೋಡಬೇಕು. ರುಚಿಸಿದರೆ ನಾಲ್ಕು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಕಸಿ ಬಲ್ಲವರ ಕೈಗೆ ಅಂದೇ ತಲುಪಿಸಬೇಕು. ಒಂದನ್ನು ನಾವಿಟ್ಟುಕೊಂಡು ಉಳಿದದ್ದನ್ನು ನೆರೆಯವರಿಗೆ ಕೊಟ್ಟರೆ ಆ ಮರ ಬದುಕಿತು.