ಮಾಂಟ್ರೋಸ್ ವಾಯುನೆಲೆಯ ಪ್ರೇತ: ಒಂದು ಐತಿಹ್ಯದ ಸ್ಥಳವಿಚಾರ

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಮಾಂಟ್ರೋಸ್‌ನಲ್ಲಿ 1913ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಮೊದಲ ಕಾರ್ಯನಿರತ ಸೇನಾ ವಾಯುನೆಲೆ ಆರಂಭವಾಯಿತು. ಅದೇ ವರ್ಷದ ಮೇ 27ರಂದು ಐರಿಷ್ ಪೈಲಟ್ ಲೆಫ್ಟಿನೆಂಟ್ ಡೆಸ್ಮಂಡ್ ಆರ್ಥರ್ ಹಾರಿಸುತ್ತಿದ್ದ ಬಿ.ಇ.2 ವಿಮಾನದ ಬಲರೆಕ್ಕೆ ಆಕಾಶದಲ್ಲೇ ಮುರಿದು ಮಡಚಿಕೊಂಡಿತು. ಅವರು ವಿಮಾನದಿಂದ ಬೇರ್ಪಟ್ಟು ಬಿದ್ದು ಮೃತಪಟ್ಟರು. ರಾಯಲ್ ಏರೋ ಕ್ಲಬ್ ನಡೆಸಿದ ತನಿಖೆಯಲ್ಲಿ ಹೊರಬಿದ್ದದ್ದು ಹೀಗಿತ್ತು: ರೆಕ್ಕೆಯ ತುದಿಯ ಬಳಿ ಒಳಮರ ಹಿಂದೆಯೇ ಮುರಿದಿತ್ತು, ಯಾರೋ ಅದನ್ನು ಒರಟಾಗಿ ಬೆಸೆದು, ಮೇಲೆ ಬಟ್ಟೆ ಹೊದಿಸಿ ಮರೆಮಾಡಿದ್ದರು. ಇಷ್ಟರ ಬಗ್ಗೆ ಭಿನ್ನಮತವಿಲ್ಲ.

ಪ್ರೇತದ ಕಥೆಯ ಪ್ರಚಲಿತ ರೂಪವೂ ಸರಳ. 1916ರ ಸರ್ಕಾರಿ ವರದಿ ತಪ್ಪನ್ನು ಪೈಲಟ್ ಮೇಲೆ ಹೊರಿಸಿತು. ಆ ಶರತ್ಕಾಲದಲ್ಲಿ ಮಾಂಟ್ರೋಸ್‌ನ ಅಧಿಕಾರಿಗಳ ಮೆಸ್ಸಿನಲ್ಲಿ ಹಾರಾಟದ ಉಡುಪಿನ ಆಕೃತಿಯೊಂದು ಕಾಣಿಸಿಕೊಳ್ಳತೊಡಗಿತು. ವರ್ಷಾಂತ್ಯದ ಅಂತಿಮ ವರದಿ ಆರ್ಥರ್‌ರನ್ನು ದೋಷಮುಕ್ತಗೊಳಿಸಿದ ಮೇಲೆ, 1917ರ ಜನವರಿಯಲ್ಲಿ, ಮರೆಯಾಯಿತು. ನ್ಯಾಯ ಬೇಡಿ ಬಂದ ಪ್ರೇತ ನ್ಯಾಯ ಸಿಕ್ಕಿ ಹೋಯಿತು ಎಂಬುದು ಸಾಮಾನ್ಯ ವ್ಯಾಖ್ಯಾನ.

ಈ ವ್ಯಾಖ್ಯಾನ ಎಡವುವುದು ಸ್ಥಳದ ಪ್ರಶ್ನೆಯಲ್ಲಿ. ಆರ್ಥರ್ ಬದುಕಿದ್ದಾಗ ನೆಲೆ ಇದ್ದದ್ದು ಪಟ್ಟಣದ ದಕ್ಷಿಣಕ್ಕಿರುವ ಅಪ್ಪರ್ ಡೈಸಾರ್ಟ್‌ನ ಹೊಲಗಳಲ್ಲಿ. ಅದು ಉತ್ತರದ ಬ್ರೂಮ್‌ಫೀಲ್ಡಿಗೆ ಸ್ಥಳಾಂತರಗೊಂಡದ್ದು ಅವರ ಮರಣದ ತಿಂಗಳುಗಳ ನಂತರ, 1914ರ ಆರಂಭದ ಹೊತ್ತಿಗೆ. ಇಂದು ವಸ್ತುಸಂಗ್ರಹಾಲಯವಾಗಿ ಉಳಿದಿರುವುದು ಬ್ರೂಮ್‌ಫೀಲ್ಡ್. ಪ್ರೇತದ ಕಥೆಯನ್ನು ಇಂದು ಹೇಳುವುದೂ ಅಲ್ಲಿಯದೆಂದೇ. ಅಂದರೆ ಆರ್ಥರ್ ಸೇವೆ ಸಲ್ಲಿಸದ, ಸಾಯದ ಜಾಗಕ್ಕೆ ಅವರ ಪ್ರೇತ ಅಂಟಿಕೊಂಡಿದೆ. ಐತಿಹ್ಯ ಹಿಂಬಾಲಿಸಿದ್ದು ಸಾವಿನ ನೆಲವನ್ನಲ್ಲ, ಪಡೆಯ ಸಂಸ್ಥೆಯನ್ನು ಎಂದು ಇದರಿಂದ ವಾದಿಸಬಹುದು. ಆದರೆ ಈ ವಾದಕ್ಕೆ ಮಿತಿಗಳಿವೆ. 1913ರ ಅಧಿಕಾರಿಗಳು ಪಟ್ಟಣದ ಪ್ಯಾನ್‌ಮ್ಯೂರ್ ಬ್ಯಾರಕ್ಸಿನಲ್ಲಿ ತಂಗುತ್ತಿದ್ದರು; ಕಥೆಯಲ್ಲಿ ಬರುವ ಅಧಿಕಾರಿಗಳ ಮೆಸ್ ಅಲ್ಲಿಯದೇ ಆಗಿದ್ದಲ್ಲಿ ಆರ್ಥರ್‌ಗೆ ಅದು ಪರಿಚಿತ ಜಾಗವೇ. ಹಾಗಾದಾಗಲೂ ಕಥೆ ಕಾಲಕ್ರಮದಲ್ಲಿ ಬ್ರೂಮ್‌ಫೀಲ್ಡಿಗೆ ಸರಿದದ್ದನ್ನು ವಿವರಿಸಬೇಕಾಗುತ್ತದೆ.

ಕನ್ನಡ ನಾಡಿನ ಒಂದು ನಿದರ್ಶನ ಇಲ್ಲಿ ಬೆಳಕು ಚೆಲ್ಲುತ್ತದೆ. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ 2015ರಲ್ಲಿ ಬೆಳಕಿಗೆ ಬಂದ ಕೆಂಪೇಗೌಡರ ಸಮಾಧಿಯ ಬರಹ, ಅವರು ಐಕ್ಯವಾದ ಸ್ಥಳ ಅದೇ ಎಂದು ಸಾರುತ್ತದೆ. ಕಲ್ಲಿನ ಮೇಲೆ ನಿಂತ ನೆನಪು ಊರು ಬಿಟ್ಟು ಕದಲುವುದು ಕಷ್ಟ. ಆರ್ಥರ್‌ಗೆ ಮಾಂಟ್ರೋಸ್‌ನ ಸ್ಮಶಾನದಲ್ಲಿ ಸಮಾಧಿ ಇದ್ದರೂ ಅವರ ಸಾವಿನ ಕಾರಣ ತೀರ್ಮಾನವಾದದ್ದು ಕಡತಗಳಲ್ಲಿ. ನೆನಪು ಕಡತದ ಜೊತೆಗೇ ಅಲೆಯಿತು.

ಮುದ್ರಣದ ಪಾತ್ರವನ್ನೂ ಕಡೆಗಣಿಸಲಾಗದು. ಕಥೆಯನ್ನು 1920ರಲ್ಲಿ 'ದಿ ಏರೋಪ್ಲೇನ್' ಪತ್ರಿಕೆಯಲ್ಲಿ ಪ್ರಕಟಿಸಿದವರು ಅದರ ಸಂಪಾದಕ ಸಿ.ಜಿ. ಗ್ರೇ. 1963ರ ಮೇ 27ರಂದು, ಅಪಘಾತಕ್ಕೆ ಸರಿಯಾಗಿ ಐವತ್ತು ವರ್ಷ ತುಂಬಿದ ದಿನ, ಮಾಂಟ್ರೋಸ್ ಮೇಲೆ ಹಾರುವಾಗ ಹಳೆಯ ಎರಡುರೆಕ್ಕೆಯ ವಿಮಾನ ಮುರಿದು ಬೀಳುವುದನ್ನು ಕಂಡೆನೆಂದು ಹೇಳಿದ ಪೀಟರ್ ಮೇಸ್‌ಫೀಲ್ಡ್ 1937ರಿಂದ ಅದೇ ಪತ್ರಿಕೆಯ ಸಿಬ್ಬಂದಿಯಲ್ಲಿದ್ದವರು. ಇದರಿಂದ ಮೇಸ್‌ಫೀಲ್ಡ್ ಸುಳ್ಳು ಹೇಳಿದರೆಂದು ಸಿದ್ಧವಾಗುವುದಿಲ್ಲ. ಎರಡು ಪ್ರಮುಖ ಸಾಕ್ಷ್ಯಗಳು ಪರಸ್ಪರ ಸ್ವತಂತ್ರವಲ್ಲ ಎಂದಷ್ಟೇ ಸಿದ್ಧವಾಗುತ್ತದೆ. ವರದಿಗಳಿಗೂ ಪ್ರೇತದ ಬರುಹೋಗುವಿಕೆಗೂ ಇರುವ ಅಚ್ಚುಕಟ್ಟಾದ ತಾಳಮೇಳ ಮೆಸ್ಸಿನ ಮಾತಿನಲ್ಲೇ ಇತ್ತೇ, ಇಲ್ಲವೇ ಮುದ್ರಣದಲ್ಲಿ ಮೂಡಿತೇ ಎಂಬುದು ಇತ್ಯರ್ಥವಾಗಬೇಕಾದರೆ 1916ರ ಚಳಿಗಾಲದಲ್ಲೇ ಬರೆದ ದಿನಚರಿಯೋ ಪತ್ರವೋ ಆಧಾರವಾಗಬೇಕು. 1920ರ ನಂತರದ ಯಾವ ನೆನಪೂ ಆ ಕೆಲಸಕ್ಕೆ ಸಾಲದು.