ಎರೆಹೊಲ, ಗುಡ್ಡ, ಕೆರೆ: ಜೀವಿಸಂಬಂಧಗಳ ವಿಜ್ಞಾನ ಬೆಳೆದ ಬಗೆ

ಜೀವಿಗಳಿಗೂ ಅವುಗಳ ಸುತ್ತಲಿನ ಪರಿಸರಕ್ಕೂ ಇರುವ ಸಂಬಂಧವನ್ನು ಅಭ್ಯಸಿಸುವ ಶಾಸ್ತ್ರಕ್ಕೆ 1866ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಹೆಕೆಲ್ ‘ಇಕಾಲಜಿ’ ಎಂದು ಹೆಸರಿಟ್ಟ. ಮೊದಲ ದಶಕಗಳಲ್ಲಿ ಎರಡು ಜೀವಿಗಳ ನಡುವಿನ ಜೋಡಿ ಸಂಬಂಧಗಳ ಅಭ್ಯಾಸವೂ ನಡೆಯಿತು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ದ್ವಿದಳ ಸಸ್ಯಗಳ ಬೇರುಗಂಟಿನ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದ. ಗದಗ ಬಳಿಯ ಅಂತೂರ ಬೆಂತೂರದಂಥ ಊರುಗಳ ಎರೆಹೊಲದಲ್ಲಿ ಹಿಂಗಾರಿ ಕಡಲೆ ಗಿಡವನ್ನು ಮಣ್ಣುಸಮೇತ ಎಬ್ಬಿಸಿದರೆ ಬೇರಿಗಂಟಿದ ಈ ಗಂಟುಗಳು ಕಾಣುತ್ತವೆ. ಸೀಳಿದಾಗ ಒಳಗೆ ನಸುಗೆಂಪು ಇದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದರ್ಥ. ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ.

ಜೋಡಿಯಿಂದ ಆಹಾರ ಸರಪಳಿಗೆ ದೃಷ್ಟಿ ಹೊರಳಿಸುವುದರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್‌ನ 1927ರ ಪುಸ್ತಕದ ಪಾತ್ರ ದೊಡ್ಡದು. ಯಾರು ಯಾರನ್ನು ತಿನ್ನುತ್ತಾರೆ ಎಂಬ ಪ್ರಶ್ನೆಯ ಸುತ್ತ ಆತ ಜೀವಿಸಮುದಾಯವನ್ನು ವಿವರಿಸಿದ. ಕಡಲೆಯನ್ನು ಕಾಯಿಕೊರಕ ಹುಳು ತಿನ್ನುತ್ತದೆ, ಹುಳುವನ್ನು ಹಕ್ಕಿ ಹೆಕ್ಕುತ್ತದೆ. ಕೀಟ ಹತೋಟಿಗೆ ಹೊಲದಲ್ಲಿ ಹಕ್ಕಿ ಕೂರಲು ಕವಲುಕೋಲು ನೆಡಬೇಕೆಂಬ ಕೃಷಿ ಸಲಹೆ ನಿಂತಿರುವುದು ಈ ಸರಪಳಿಯ ಮೇಲೆಯೇ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚೆಲ್ಲುವ ನೈವೇದ್ಯವಾದ ಚರಗವೂ ಹಕ್ಕಿಗಳನ್ನು ಹೊಲಕ್ಕೆ ಕರೆಯುತ್ತದೆ ಎನ್ನುವವರಿದ್ದಾರೆ.

1935ರಲ್ಲಿ ಆರ್ಥರ್ ಟ್ಯಾನ್ಸ್‌ಲಿ ಮಣ್ಣು, ನೀರು, ಹವೆಗಳನ್ನೂ ಜೀವಿಗಳೊಂದಿಗೆ ಸೇರಿಸಿ ‘ಪರಿಸರ ವ್ಯವಸ್ಥೆ’ ಎಂಬ ಪರಿಕಲ್ಪನೆ ಕೊಟ್ಟ. 1942ರಲ್ಲಿ ಅಮೆರಿಕದ ರೇಮಂಡ್ ಲಿಂಡೆಮನ್ ಕೆರೆಯೊಂದರ ಅಧ್ಯಯನದಿಂದ, ಆಹಾರದ ಒಂದು ಹಂತದಿಂದ ಮುಂದಿನದಕ್ಕೆ ಶಕ್ತಿ ಸೋರುತ್ತ ಹೋಗುವುದನ್ನು ಲೆಕ್ಕ ಹಾಕಿದ. ಸ್ಥೂಲವಾಗಿ ಹತ್ತರಲ್ಲಿ ಒಂದು ಪಾಲು ಮಾತ್ರ ಮೇಲೇರುತ್ತದೆ. ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಹುಲ್ಲು ವಿಪುಲವಾಗಿದ್ದರೂ ತೋಳಗಳು ವಿರಳವೇಕೆಂಬುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಭಾರತದಲ್ಲಿ ಈ ಶಾಸ್ತ್ರಕ್ಕೆ ನೆಲೆ ಒದಗಿಸಿದವರಲ್ಲಿ ಬನಾರಸದ ರಾಮದೇವ ಮಿಶ್ರ ಪ್ರಮುಖರು. ಕರ್ನಾಟಕದಲ್ಲಿ ಮಾಧವ ಗಾಡ್ಗೀಳರು 1983ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದರು. ಆದರೆ ಹೆಚ್ಚಿನ ಗಮನ ಪಶ್ಚಿಮ ಘಟ್ಟದ ಕಾಡಿನತ್ತ ಹರಿಯಿತು. ಬಯಲುಸೀಮೆಯ ಹುಲ್ಲುಗಾವಲು ಸರ್ಕಾರಿ ಕಣ್ಣಿಗೆ ಬಹುಕಾಲ ಪಾಳುಭೂಮಿಯೇ ಆಗಿತ್ತು. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳ ನೆಲೆಯಲ್ಲೂ ನೀಲಗಿರಿ ನೆಡುತೋಪು ಎದ್ದಿತು. ಕುರುಚಲು, ಹುಲ್ಲುಗಳೂ ಸ್ವಂತ ಜೀವಿಬಳಗವುಳ್ಳ ವ್ಯವಸ್ಥೆ ಎಂಬ ಅರಿವು ನಿಧಾನವಾಗಿ ಬಂತು. ಜನರ ಹೋರಾಟದ ಫಲವಾಗಿ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು.

ಈಚಿನ ಹೆಜ್ಜೆ, ಒಂದು ಪರಿಸರ ವ್ಯವಸ್ಥೆಯ ಗಡಿ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆಯದು. ಶಿರಹಟ್ಟಿ ಬಳಿಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅವು ನೀರಿನಲ್ಲಿ ತಂಗಿ, ಸುತ್ತಲಿನ ಹೊಲಗಳಲ್ಲಿ ಶೇಂಗಾ, ಕಡಲೆ ಮೇಯ್ದು ಮರಳುತ್ತವೆ. ಹೊಲದ ಸತ್ವ ಹಿಕ್ಕೆಯ ರೂಪದಲ್ಲಿ ಕೆರೆ ಸೇರುತ್ತದೆ. ಸುಮಾರು 54 ಹೆಕ್ಟೇರಿನ ಈ ಕೆರೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದರ ರಕ್ಷಣೆ ಏರಿಯೊಳಗಿನ ನೀರಿಗಷ್ಟೇ ಸಂಬಂಧಿಸಿದ್ದಲ್ಲ. ಹಕ್ಕಿ ಮೇಯುವ ಹೊಲ, ಬೆಳೆ ಕಳೆದುಕೊಳ್ಳುವ ರೈತ, ಮಧ್ಯ ಏಷ್ಯಾದ ಸಂತಾನ ನೆಲೆ, ಮೂರೂ ಆ ಲೆಕ್ಕದಲ್ಲಿ ಸೇರುತ್ತವೆ.