ಮಾರ್ಕೀಸ್ ವಜ್ರದ ಉಂಗುರ: ಕಡಿಮೆ ಬಜೆಟ್‌ನಲ್ಲಿ ಕೊಳ್ಳುವ ಮುನ್ನ ಯಾವ ಫಾರ್ವರ್ಡ್ ನಂಬಬೇಕು, ಯಾವುದು ಬೇಡ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಮನೆಗಳಲ್ಲಿ ನಿಶ್ಚಿತಾರ್ಥದ ಉಂಗುರ ಎಂದರೆ ಬಹುಕಾಲ ಚಿನ್ನದ ಉಂಗುರವೇ ಆಗಿತ್ತು. ವಜ್ರ ಏನಿದ್ದರೂ ಮೂಗುಬೊಟ್ಟಿಗೆ, ಏಳು ಕಲ್ಲಿನ ಓಲೆಗೆ. ಈಗ ಹಾಗಿಲ್ಲ. ಹುಡುಗಿಯೋ ಹುಡುಗನೋ ಫೋನಿನಲ್ಲಿ ಒಂದು ಚಿತ್ರ ತೋರಿಸುತ್ತಾರೆ: ಎರಡೂ ತುದಿ ಚೂಪಾಗಿ, ನಡು ಉಬ್ಬಿ, ಭತ್ತದ ಕಾಳಿನಂತೆ ಉದ್ದಕ್ಕಿರುವ ವಜ್ರ. ಅದೇ ಮಾರ್ಕೀಸ್. ಅದರ ಹಿಂದೆಯೇ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಸಲಹೆಗಳೂ ಬಂದು ಬೀಳುತ್ತವೆ. 'ಈ ಆಕಾರ ತಗೊಂಡ್ರೆ ಕಡಿಮೆ ದುಡ್ಡಿಗೆ ದೊಡ್ಡ ವಜ್ರ', 'ಉಸಿರು ಊದಿ ನೋಡಿ, ಅಸಲಿಯೋ ನಕಲಿಯೋ ಗೊತ್ತಾಗುತ್ತೆ', 'ಲ್ಯಾಬ್ ವಜ್ರ ಬರೀ ಗಾಜು'.

ಮೈಸೂರಿನ ಅಶೋಕ ರಸ್ತೆಗೋ ಮಂಡ್ಯಕ್ಕೋ ಹೊರಡುವ ಮುನ್ನ ಈ ಮಾತುಗಳಲ್ಲಿ ಎಷ್ಟು ನಿಜ ಎಂದು ನೋಡೋಣ.

ಮೊದಲು ಒಂದು ಗೊಂದಲ ಬಗೆಹರಿಯಲಿ

ಕನ್ನಡದಲ್ಲಿ ಚಿನ್ನಕ್ಕೂ ವಜ್ರಕ್ಕೂ 'ಕ್ಯಾರೆಟ್' ಎಂದೇ ಹೇಳುತ್ತೇವೆ. ಆದರೆ ಎರಡೂ ಬೇರೆ ಬೇರೆ. ಚಿನ್ನದ ಕ್ಯಾರೆಟ್ ಶುದ್ಧತೆಯ ಅಳತೆ. 18 ಕ್ಯಾರೆಟ್ ಎಂದರೆ 75% ಚಿನ್ನ, 14 ಕ್ಯಾರೆಟ್ ಎಂದರೆ 58.5%. ವಜ್ರದ ಕ್ಯಾರೆಟ್ ತೂಕದ ಅಳತೆ. 1 ಕ್ಯಾರೆಟ್ ಎಂದರೆ 0.2 ಗ್ರಾಂ. ಅದನ್ನೇ ನೂರು ಭಾಗ ಮಾಡಿ 'ಸೆಂಟ್' ಎನ್ನುತ್ತಾರೆ. 50 ಸೆಂಟ್ ವಜ್ರ ಎಂದರೆ ಅರ್ಧ ಕ್ಯಾರೆಟ್.

ಹೇಳಿಕೆ 1: ಅದೇ ತೂಕದ ಗುಂಡು ವಜ್ರಕ್ಕಿಂತ ಮಾರ್ಕೀಸ್ ತುಂಬಾ ದೊಡ್ಡದು

ಅರ್ಧ ಸತ್ಯ. 1 ಕ್ಯಾರೆಟ್ ತೂಕದ ಗುಂಡು ವಜ್ರದ ಅಡ್ಡಳತೆ ಸುಮಾರು 6.5 ಮಿ.ಮೀ. ಅಷ್ಟೇ ತೂಕದ ಮಾರ್ಕೀಸ್ ಸುಮಾರು 10 ಮಿ.ಮೀ. ಉದ್ದ, 5 ಮಿ.ಮೀ. ಅಗಲ ಇರುತ್ತದೆ. ಉದ್ದ ಒಂದೂವರೆ ಪಟ್ಟು ಹೆಚ್ಚು. ಆದರೆ ಮೇಲಿನಿಂದ ಕಾಣುವ ಒಟ್ಟು ಜಾಗವನ್ನು ಲೆಕ್ಕ ಹಾಕಿದರೆ ಗುಂಡು ವಜ್ರದ್ದು ಸುಮಾರು 33 ಚದರ ಮಿ.ಮೀ., ಮಾರ್ಕೀಸ್‌ನದ್ದು ಸುಮಾರು 35. ವ್ಯತ್ಯಾಸ ಇಷ್ಟೇ. ಬೆರಳಿನ ಉದ್ದಕ್ಕೆ ಕೂರುವುದರಿಂದ ಕಣ್ಣಿಗೆ ದೊಡ್ಡದೆನಿಸುತ್ತದೆ, ಬೆರಳೂ ನೀಳವಾಗಿ ಕಾಣುತ್ತದೆ.

ಬಜೆಟ್ ಕಡಿಮೆ ಇರುವವರಿಗೆ ಇದರಿಂದ ಲಾಭವಿದೆ. 50 ಸೆಂಟ್ ಮಾರ್ಕೀಸ್ ಸುಮಾರು 8 ಮಿ.ಮೀ. ಉದ್ದ ಬರುತ್ತದೆ. ಇನ್ನೊಂದು ವಿಷಯ: ಗಣಿ ವಜ್ರದ ದರ 50 ಸೆಂಟ್, 1 ಕ್ಯಾರೆಟ್‌ನಂಥ ದುಂಡು ಸಂಖ್ಯೆಗಳಲ್ಲಿ ಒಮ್ಮೆಲೇ ಜಿಗಿಯುತ್ತದೆ. 45 ಅಥವಾ 90 ಸೆಂಟ್ ಕಲ್ಲು ಕೇಳಿ ನೋಡಿ. ಕಣ್ಣಿಗೆ ವ್ಯತ್ಯಾಸ ಗೊತ್ತಾಗದು, ಬಿಲ್ಲಿನಲ್ಲಿ ಗೊತ್ತಾಗುತ್ತದೆ.

ಹೇಳಿಕೆ 2: ಉಸಿರು ಊದಿ, ನೀರಿಗೆ ಹಾಕಿ, ಗಾಜು ಗೀಚಿ ಅಸಲಿ ವಜ್ರ ಪತ್ತೆ ಮಾಡಬಹುದು

ನಂಬಬೇಡಿ. ವಜ್ರ ಶಾಖವನ್ನು ಬೇಗ ಸಾಗಿಸುವುದರಿಂದ ಅದರ ಮೇಲಿನ ಉಸಿರಿನ ಮಂಜು ಬೇಗ ಆರುತ್ತದೆ, ಅದು ನಿಜ. ಆದರೆ ಮಾಯ್ಸನೈಟ್ ಎಂಬ ಕಲ್ಲೂ ಶಾಖವನ್ನು ಚೆನ್ನಾಗಿಯೇ ಸಾಗಿಸುತ್ತದೆ. ಹಾಗಾಗಿ ಶಾಖ ಅಳೆಯುವ ಹಳೆಯ ಟೆಸ್ಟರ್ ಪೆನ್ನುಗಳೇ ಅದನ್ನು ವಜ್ರ ಎಂದು ತೋರಿಸಿಬಿಡುತ್ತವೆ. ನೀರಿಗೆ ಹಾಕಿದರೆ ವಜ್ರವೂ ಮುಳುಗುತ್ತದೆ, ಗಾಜೂ ಮುಳುಗುತ್ತದೆ. ಗಾಜಿನ ಮೇಲೆ ಗೀರು ಎಳೆಯಲು ವಜ್ರವೇ ಬೇಕಿಲ್ಲ. ನಾವು 'ಅಮೆರಿಕನ್ ಡೈಮಂಡ್' ಎನ್ನುವ ಕಲ್ಲೂ ಎಳೆಯುತ್ತದೆ. ಅಂದಹಾಗೆ, ಅದರ ಹೆಸರಿನಲ್ಲಿ ಡೈಮಂಡ್ ಇದ್ದರೂ ಅದು ವಜ್ರವಲ್ಲ, ಕ್ಯೂಬಿಕ್ ಜಿರ್ಕೋನಿಯಾ ಎಂಬ ಬೇರೆಯೇ ವಸ್ತು.

ಮನೆಯ ಪರೀಕ್ಷೆಗಿಂತ ಭರವಸೆಯ ದಾರಿ ಪ್ರಮಾಣಪತ್ರ. ಜಿಐಎ, ಐಜಿಐನಂಥ ಪ್ರಯೋಗಾಲಯದ ಪತ್ರದಲ್ಲಿ ಒಂದು ಸಂಖ್ಯೆ ಇರುತ್ತದೆ. ಅಂಗಡಿಯಲ್ಲೇ ನಿಂತು ಆ ಸಂಸ್ಥೆಯ ವೆಬ್‌ಸೈಟಿನಲ್ಲಿ ಸಂಖ್ಯೆ ಹಾಕಿ ನೋಡಿ. ತೂಕ, ಉದ್ದ, ಅಗಲ, ಗಣಿ ವಜ್ರವೋ ಲ್ಯಾಬ್ ವಜ್ರವೋ ಎಲ್ಲ ತಾಳೆಯಾಗಬೇಕು. ಹಲವು ಕಲ್ಲುಗಳ ಅಂಚಿನಲ್ಲಿ ಅದೇ ಸಂಖ್ಯೆಯನ್ನು ಲೇಸರ್‌ನಿಂದ ಕೆತ್ತಿರುತ್ತಾರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಕೇಳಿ ಪಡೆದು ಓದಿ.

ಹೇಳಿಕೆ 3: ಲ್ಯಾಬ್ ವಜ್ರ ನಕಲಿ

ತಪ್ಪು. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರವೂ ಇಂಗಾಲದ ಹರಳೇ. ಗಟ್ಟಿತನ, ಹೊಳಪು ಎಲ್ಲ ಒಂದೇ. ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು, ವಿಶೇಷ ಉಪಕರಣಗಳೇ ಬೇಕು. 2023ರ ಜೂನ್‌ನಲ್ಲಿ ಪ್ರಧಾನಿ ಮೋದಿ ಅಮೆರಿಕದ ಜಿಲ್ ಬೈಡನ್ ಅವರಿಗೆ ಕೊಟ್ಟ 7.5 ಕ್ಯಾರೆಟ್‌ನ ಹಸಿರು ವಜ್ರ ಲ್ಯಾಬ್‌ನದ್ದೇ. ಅದೇ ವರ್ಷದ ಕೇಂದ್ರ ಬಜೆಟ್‌ನಲ್ಲಿ ಇದರ ಸಂಶೋಧನೆಗೆಂದು ಐಐಟಿಯೊಂದಕ್ಕೆ ಐದು ವರ್ಷಗಳ ಅನುದಾನವನ್ನೂ ಘೋಷಿಸಲಾಗಿತ್ತು.

ಮೋಸ ಆಗುವುದು ಬೇರೆ ಕಡೆ: ಲ್ಯಾಬ್ ವಜ್ರವನ್ನು ಗಣಿ ವಜ್ರದ ಬೆಲೆಗೆ ಮಾರಿದಾಗ. ಲ್ಯಾಬ್ ವಜ್ರ ಬಹಳ ಅಗ್ಗ, ಅದರ ಬೆಲೆ ಇತ್ತೀಚಿನ ವರ್ಷಗಳಲ್ಲಿ ಇನ್ನೂ ಇಳಿದಿದೆ. ಅದು ಯಾವುದು ಎಂಬುದು ಬಾಯಿಮಾತಿನಲ್ಲಿ ಅಲ್ಲ, ಬಿಲ್ಲಿನಲ್ಲಿ ಇರಲಿ.

ಹೇಳಿಕೆ 4: ವಜ್ರ ಒಡೆಯುವುದೇ ಇಲ್ಲ

ತಪ್ಪು. ಗಟ್ಟಿ ಎಂದರೆ ಸುಲಭಕ್ಕೆ ಗೀರು ಬೀಳುವುದಿಲ್ಲ ಎಂದರ್ಥ. ಸರಿಯಾದ ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ವಜ್ರ ಸೀಳುತ್ತದೆ. ಮಾರ್ಕೀಸ್‌ನ ಎರಡು ಚೂಪು ತುದಿಗಳೇ ಅದರ ದುರ್ಬಲ ಜಾಗ. ಬಟ್ಟೆ ಒಗೆಯುವಾಗ, ಪಾತ್ರೆ ತಿಕ್ಕುವಾಗ, ಹೊಲದ ಕೆಲಸದಲ್ಲಿ ತುದಿ ಮುಕ್ಕಾಗಬಹುದು. ಸೀರೆಗೂ ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ಎರಡೂ ತುದಿಗೆ 'ವಿ' ಆಕಾರದ ಲೋಹದ ಹಿಡಿ, ಅಂದರೆ ವಿ-ಪ್ರಾಂಗ್, ಇರುವ ಉಂಗುರವನ್ನೇ ಕೇಳಿ. ಸುತ್ತಲೂ ಚಿನ್ನದ ಕಟ್ಟು ಇದ್ದರೆ ಇನ್ನೂ ಭದ್ರ. ತುದಿಯಲ್ಲೇ ದೋಷ ಇರುವ ಕಲ್ಲು ಎಷ್ಟೇ ಅಗ್ಗವಾದರೂ ಬೇಡ.

ಹೇಳಿಕೆ 5: ವಜ್ರ ಕಷ್ಟಕಾಲಕ್ಕೆ ಆಗುತ್ತದೆ

ಹೆಚ್ಚು ಎಚ್ಚರ ಬೇಕಾದದ್ದು ಇಲ್ಲೇ. ಕಬ್ಬಿನ ದುಡ್ಡು ಬರುವುದು ತಡವಾದಾಗ, ಆಸ್ಪತ್ರೆ ಖರ್ಚು ಬಂದಾಗ ನಮ್ಮ ಊರುಗಳ ಮನೆಗಳು ಮೊದಲು ನೆನೆಯುವುದು ಒಡವೆಯನ್ನು. ಆದರೆ ಚಿನ್ನದ ಸಾಲ ಕೊಡುವವರು ಕಲ್ಲಿನ ತೂಕ ಕಳೆದು, ಉಳಿದ ಚಿನ್ನಕ್ಕಷ್ಟೇ ಬೆಲೆ ಕಟ್ಟುತ್ತಾರೆ. ವಜ್ರಕ್ಕೆ ನೀವು ಕೊಟ್ಟದ್ದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ವಜ್ರದ ಉಂಗುರಗಳು ಹೆಚ್ಚಾಗಿ 18 ಅಥವಾ 14 ಕ್ಯಾರೆಟ್ ಚಿನ್ನದವು. 18ಕ್ಕಿಂತ ಕಡಿಮೆ ಇದ್ದರೆ ಕೆಲವೆಡೆ ಅಡವಿಗೆ ತೆಗೆದುಕೊಳ್ಳುವುದೇ ಇಲ್ಲ. ಮರಳಿ ಮಾರಲು ಹೋದರೆ ಗಣಿ ವಜ್ರಕ್ಕೂ ಕೊಂಡ ಬೆಲೆ ಸಾಮಾನ್ಯವಾಗಿ ಸಿಗದು, ಲ್ಯಾಬ್ ವಜ್ರಕ್ಕೆ ಇನ್ನೂ ಕಡಿಮೆ.

ಹಾಗಾಗಿ ವಜ್ರವನ್ನು ಉಳಿತಾಯ ಎಂದು ಕೊಳ್ಳಬೇಡಿ, ಇಷ್ಟಕ್ಕೆ ಕೊಳ್ಳಿ. ಸಾಲ ಮಾಡಿ ದೊಡ್ಡ ಕಲ್ಲು ಕೊಳ್ಳುವ ಬದಲು ಚಿಕ್ಕ ಮಾರ್ಕೀಸ್ ಉಂಗುರ ಕೊಂಡು, ಉಳಿದ ಹಣವನ್ನು 22 ಕ್ಯಾರೆಟ್ ಚಿನ್ನಕ್ಕೆ ಹಾಕಿದರೆ ಆಸೆಯೂ ತೀರುತ್ತದೆ, ಮನೆಗೆ ಆಸರೆಯೂ ಆಗುತ್ತದೆ.

ಅಂಗಡಿಯಲ್ಲಿ ಕಣ್ಣಿಟ್ಟು ನೋಡಬೇಕಾದದ್ದು

ಗುಂಡು ವಜ್ರಕ್ಕೆ ಕೊಡುವಂತೆ ಮಾರ್ಕೀಸ್‌ಗೆ ಜಿಐಎ 'ಕಟ್' ದರ್ಜೆ ಕೊಡುವುದಿಲ್ಲ. ಅಂದರೆ ಪತ್ರ ಚೆನ್ನಾಗಿದ್ದರೂ ಕಲ್ಲು ಮಂಕಾಗಿರಬಹುದು. ಕಣ್ಣಾರೆ ನೋಡಲೇಬೇಕು.

• ನಡುವಿನ ಕಪ್ಪು ನೆರಳು: ಮಾರ್ಕೀಸ್‌ನ ಮಧ್ಯೆ ಬುಡುಬುಡಿಕೆಯ ಆಕಾರದ ನೆರಳು ಕಾಣುವುದುಂಟು. ಇದಕ್ಕೆ 'ಬೋ-ಟೈ' ಎನ್ನುತ್ತಾರೆ. ತುಸು ಇದ್ದರೆ ಸಹಜ. ಉಂಗುರವನ್ನು ಅತ್ತಿತ್ತ ಓರೆ ಮಾಡಿದರೂ ಮಾಸದಿದ್ದರೆ ಬೇರೆ ಕಲ್ಲು ಕೇಳಿ. ಅಂಗಡಿಯ ಸ್ಪಾಟ್‌ಲೈಟ್ ಬಿಟ್ಟು ಬಾಗಿಲ ಬಳಿಯ ಹಗಲು ಬೆಳಕಿನಲ್ಲಿ ನೋಡಿ.
• ಸಮ: ಎರಡು ತುದಿಗಳೂ ಒಂದೇ ಗೆರೆಯಲ್ಲಿರಬೇಕು, ಎರಡು ಪಕ್ಕೆಗಳೂ ಒಂದೇ ರೀತಿ ಬಾಗಿರಬೇಕು.
• ಉದ್ದ-ಅಗಲ: ಉದ್ದವು ಅಗಲದ ಸುಮಾರು ಎರಡು ಪಟ್ಟು ಇದ್ದರೆ ಬಹಳ ಮಂದಿಗೆ ಒಪ್ಪುತ್ತದೆ.
• ಬಣ್ಣ: ಬಣ್ಣದ ದರ್ಜೆ 'ಡಿ'ಯಿಂದ 'ಝಡ್'ವರೆಗೆ ಇಳಿಯುತ್ತದೆ. ಮಾರ್ಕೀಸ್‌ನ ತುದಿಗಳಲ್ಲಿ ಹಳದಿ ಛಾಯೆ ಬೇಗ ಕಾಣುತ್ತದೆ. ಆದರೆ ಹಳದಿ ಚಿನ್ನದಲ್ಲಿ ಕೂರಿಸಿದರೆ 'ಐ', 'ಜೆ' ದರ್ಜೆಯೂ ಚೆನ್ನಾಗಿಯೇ ಕಾಣುತ್ತದೆ. 'ಡಿ'ಗೆ ದುಡ್ಡು ಸುರಿಯಬೇಕಿಲ್ಲ.
• ಹಿಂಬದಿ: ಕಲ್ಲಿನ ಹಿಂಬದಿ ತೆರೆದಿದ್ದರೆ ಪರೀಕ್ಷಿಸಲು ಸುಲಭ.

ಬಿಲ್ಲಿನಲ್ಲಿ ಇರಬೇಕಾದದ್ದು

ಒಟ್ಟು ತೂಕ, ಕಲ್ಲಿನ ತೂಕ, ಚಿನ್ನದ ನಿವ್ವಳ ತೂಕ ಮೂರನ್ನೂ ಬೇರೆ ಬೇರೆ ಬರೆಸಿ. ಇಲ್ಲದಿದ್ದರೆ ಕಲ್ಲಿನ ತೂಕಕ್ಕೂ ಚಿನ್ನದ ದರ ತೆತ್ತಂತಾಗುತ್ತದೆ. ಮಜೂರಿ ಮತ್ತು 3% ಜಿಎಸ್‌ಟಿ ಎಷ್ಟು ಎಂದು ಕೇಳಿ. ಮರಳಿ ಕೊಳ್ಳುವ ಷರತ್ತನ್ನು ಬರಹದಲ್ಲಿ ಪಡೆಯಿರಿ. ಚಿನ್ನದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಪರಿಶೀಲಿಸಿ. ಎರಡು ಮಾತು ನೆನಪಿರಲಿ: ಹಾಲ್‌ಮಾರ್ಕ್ ಚಿನ್ನಕ್ಕೆ ಮಾತ್ರ, ವಜ್ರಕ್ಕಲ್ಲ. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಅದು ಕಡ್ಡಾಯವೂ ಅಲ್ಲ. ಮೋಸ ಆಯಿತು ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಕೊನೆಯ ಮಾತು

ಮಾರ್ಕೀಸ್ ಕಡಿಮೆ ಬಜೆಟ್‌ಗೆ ಒಳ್ಳೆಯ ಆಯ್ಕೆಯೇ. ಅದು ಕೊಡುವುದು ಉದ್ದದ ಚೆಲುವು, ಆಪತ್ತಿಗೆ ಆಗುವ ಗಂಟನ್ನಲ್ಲ. ಮುಂದಿನ ಬಾರಿ ಗ್ರೂಪಿನಲ್ಲಿ 'ಉಸಿರು ಊದಿ ನೋಡಿ' ಎಂಬ ವಿಡಿಯೊ ಬಂದರೆ ಅದನ್ನು ಮುಂದಕ್ಕೆ ಕಳಿಸುವ ಬದಲು ಒಂದೇ ಪ್ರಶ್ನೆ ಕೇಳಿ: ಪ್ರಮಾಣಪತ್ರದ ಸಂಖ್ಯೆ ಎಷ್ಟು?